ಬಯೋಎಥಿಕ್ಸ್ ಎಲ್ಲಿ ಓದಬೇಕು: ತತ್ವಶಾಸ್ತ್ರ ವಿಭಾಗವಾ, ಮೆಡಿಕಲ್ ಕಾಲೇಜಾ, ಲಾ ಸ್ಕೂಲಾ, ವಿದೇಶವಾ?

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ಐಸಿಯುನಲ್ಲಿ ದುಡಿದವಳು. ಕಾಫಿ ಕುಡಿದು, ಲೋಟ ಕೆಳಗಿಟ್ಟು ಕೇಳಿದಳು: "ಅಕ್ಕಾ, ವೆಂಟಿಲೇಟರ್ ತೆಗೆದ್ರೆ ಅದು ಕೊಂದ ಹಾಗಾ? ಇದನ್ನ ಎಲ್ಲಿ ಹೋಗಿ ಓದ್ಬೇಕು?"

ಯಾವ ಕೋರ್ಸು ಚೆನ್ನಾಗಿದೆ ಅಂತ ಅವಳು ಕೇಳಲಿಲ್ಲ. ಪ್ರಶ್ನೆಯನ್ನೇ ಎತ್ತಿಕೊಂಡು ಬಂದಿದ್ದಳು. ಬಯೋಎಥಿಕ್ಸ್, ಅಂದರೆ ಚಿಕಿತ್ಸೆ, ಸಾವು, ಬದುಕಿನ ವಿಷಯದಲ್ಲಿ ಸರಿ ಯಾವುದು ತಪ್ಪು ಯಾವುದು ಅಂತ ಕೇಳುವ ಓದು. ಅದಕ್ಕೆ ಬೇಕಾದ ಬಂಡವಾಳ ಅದೇ. ನಾನು ತತ್ವಶಾಸ್ತ್ರದಲ್ಲಿ ಎಂಎ ಮಾಡಿದವಳು. ಈಗ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ರೋಗಿಗಳ ಮೇಲಿನ ಪ್ರಯೋಗಗಳು ನೀತಿಯಂತೆ ಇವೆಯಾ ಅಂತ ನೋಡುವ ಕಮಿಟಿಯಲ್ಲಿ, ಡಾಕ್ಟರಲ್ಲದ ಸದಸ್ಯೆ. ಅವಳಿಗೆ ಅವತ್ತು ಹೇಳಿದ್ದನ್ನು, ಆಮೇಲೆ ಯೋಚಿಸಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೋರ್ಸಿನ ಹೆಸರು ನೋಡಿ ಆರಿಸಬೇಡಿ. ಬಯೋಎಥಿಕ್ಸ್, ಮೆಡಿಕಲ್ ಎಥಿಕ್ಸ್, ರಿಸರ್ಚ್ ಎಥಿಕ್ಸ್ ಅಂತ ಬೋರ್ಡು ಬೇರೆ ಬೇರೆ ಇರುತ್ತದೆ. ಆದರೆ ಒಳಗೆ ನಿಮ್ಮಿಂದ ಏನು ಮಾಡಿಸುತ್ತಾರೆ ಅನ್ನುವುದು ಆ ಬೋರ್ಡಿನಿಂದ ತಿಳಿಯುವುದಿಲ್ಲ. ತಿಳಿಯಬೇಕಾದರೆ ಒಂದೇ ಪ್ರಕರಣವನ್ನು ಹಿಡಿದುಕೊಂಡು ಒಂದೊಂದೇ ಕ್ಲಾಸಿನ ಬಾಗಿಲು ತಟ್ಟಿ ನೋಡಬೇಕು. ನಾನು ಅರುಣಾ ಶಾನಭಾಗ್ ಅವರ ಪ್ರಕರಣ ತೆಗೆದುಕೊಳ್ಳುತ್ತೇನೆ.

ಅರುಣಾ ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಕುತ್ತಿಗೆಗೆ ನಾಯಿ ಕಟ್ಟುವ ಸರಪಳಿ ಬಿಗಿದು ದೌರ್ಜನ್ಯ ಮಾಡಿದ. ಮಿದುಳಿಗೆ ಆಮ್ಲಜನಕ ನಿಂತುಹೋಯಿತು. ಆಮೇಲೆ ಅರುಣಾ ಮೊದಲಿನ ಪ್ರಜ್ಞೆಗೆ ಮರಳಲೇ ಇಲ್ಲ. ಉಸಿರಾಟ ಇತ್ತು, ಮಿದುಳು ಪೂರ್ತಿ ಸತ್ತಿರಲಿಲ್ಲ. ಪಿಂಕಿ ವಿರಾನಿ ಅನ್ನುವ ಪತ್ರಕರ್ತೆ, ಅರುಣಾಗೆ ಆಹಾರ ಕೊಡುವುದನ್ನು ನಿಲ್ಲಿಸಿ ಸಾಯಲು ಬಿಡಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ನರ್ಸುಗಳು ಬೇಡವೇ ಬೇಡ ಅಂದರು. 2011ರ ಮಾರ್ಚ್ 7ರಂದು ಕೋರ್ಟು ಪಿಂಕಿ ಅವರ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಹೈಕೋರ್ಟಿನ ಅನುಮತಿ ಇದ್ದರೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬಹುದು ಅಂತ ಮೊದಲ ಸಲ ದಾರಿ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ತತ್ವಶಾಸ್ತ್ರ ವಿಭಾಗದಲ್ಲಿ

ಇಲ್ಲಿ ಅರುಣಾ ಪ್ರಕರಣ ತೆಗೆದರೆ ಯಾರೂ ಮೊದಲು ಕಾನೂನು ಕೇಳುವುದಿಲ್ಲ. "ಸಾಯಲು ಬಿಡುವುದು" ಮತ್ತು "ಸಾಯಿಸುವುದು" ಬೇರೆ ಬೇರೆನಾ ಅಂತ ಕೇಳುತ್ತಾರೆ. ನಮ್ಮ ಕ್ಲಾಸಿನಲ್ಲಿ ಈ ಒಂದು ವಾಕ್ಯದ ಮೇಲೆ ಮೂರು ವಾರ ಕಳೆಯಿತು.

ಜೇಮ್ಸ್ ರೇಚಲ್ಸ್ ಅನ್ನುವ ಅಮೆರಿಕದ ತತ್ವಜ್ಞಾನಿ 1975ರಲ್ಲಿ ಒಂದು ಚಿಕ್ಕ ಲೇಖನ ಬರೆದರು. ಅದರಲ್ಲಿ ಇಬ್ಬರು ಬರುತ್ತಾರೆ. ಇಬ್ಬರಿಗೂ ಪುಟ್ಟ ದಾಯಾದಿ ಸತ್ತರೆ ಆಸ್ತಿ ಸಿಗುತ್ತದೆ. ಒಬ್ಬ ಸ್ನಾನದ ತೊಟ್ಟಿಯಲ್ಲಿದ್ದ ಮಗುವನ್ನು ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬ ಕೊಲ್ಲಬೇಕು ಅಂತಲೇ ಒಳಗೆ ಬರುತ್ತಾನೆ. ಅಷ್ಟರಲ್ಲಿ ಮಗು ತಾನೇ ಜಾರಿ ಬಿದ್ದು ಮುಳುಗುತ್ತದೆ. ಅವನು ಕೈ ಚಾಚದೆ ನಿಂತು ನೋಡುತ್ತಾನೆ. ಒಬ್ಬ ಕೊಂದ, ಇನ್ನೊಬ್ಬ ಸುಮ್ನೆ ಬಿಟ್ಟ. ಎರಡನೆಯವನು ಮೊದಲನೆಯವನಿಗಿಂತ ಒಳ್ಳೆಯವನು ಅಂತ ಹೇಳಲು ನಿಮಗೆ ಮನಸ್ಸು ಬರುತ್ತದಾ? ಬರದಿದ್ದರೆ, ಇಂಜೆಕ್ಷನ್ ಕೊಡುವುದು ಮಹಾಪಾಪ, ಟ್ಯೂಬ್ ತೆಗೆಯುವುದು ಮಾತ್ರ ಸರಿ ಅಂತ ಯಾವ ಬಾಯಲ್ಲಿ ಹೇಳುತ್ತೀರಿ?

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಕ್ಲಾಸಿನಲ್ಲಿ ಮೇಷ್ಟ್ರು ಕೇಳಿದ್ದು ಒಂದೇ: "ಆ ಇಬ್ಬರಿಗೂ ಇದ್ದದ್ದು ದುರಾಸೆ. ಡಾಕ್ಟರಿಗೆ ಏನಿದೆ?" ಅಲ್ಲಿಂದ ಇಡೀ ವಾದ ಬೇರೆ ಕಡೆ ತಿರುಗಿತು. ಉದ್ದೇಶ ಮುಖ್ಯವೋ, ಕೆಲಸ ಮುಖ್ಯವೋ, ಆಮೇಲೆ ಆಗುವುದು ಮುಖ್ಯವೋ? ಈ ವಿಭಾಗ ಕೊಡುವುದು ಈ ತಿರುಗಾಟವನ್ನೇ. ನಿಮ್ಮ ಉತ್ತರವನ್ನು ಅಲ್ಲಾಡಿಸಿ, ಇನ್ನೂ ಗಟ್ಟಿಯಾಗಿ ಕಟ್ಟಲು ಬಿಡುತ್ತಾರೆ.

ಕೊರತೆಯನ್ನೂ ಹೇಳಬೇಕು. ನಮ್ಮಲ್ಲಿ ತತ್ವಶಾಸ್ತ್ರದ ಎಂಎ ಅಂದರೆ ಬಯೋಎಥಿಕ್ಸ್ ಎಂಎ ಅಲ್ಲ. ವೇದಾಂತ, ತರ್ಕ, ಗ್ರೀಕರು, ಕಾಂಟ್ ಎಲ್ಲ ಓದಬೇಕು. ಬಯೋಎಥಿಕ್ಸ್ ಸಿಗುವುದು ಅನ್ವಯಿಕ ನೀತಿಶಾಸ್ತ್ರದ ಒಂದು ಪೇಪರಿನಲ್ಲಿ, ಇಲ್ಲವೇ ಕೊನೆಯ ವರ್ಷದ ಪ್ರಬಂಧದಲ್ಲಿ. ಜೊತೆಗೆ ಆಸ್ಪತ್ರೆಯ ವಾಸನೆ ಗೊತ್ತಿಲ್ಲದೆಯೇ ಸಾವಿನ ಬಗ್ಗೆ ಐವತ್ತು ಪುಟ ಬರೆದುಬಿಡಬಹುದು. ನಾನು ಹಾಗೇ ಬರೆದಿದ್ದೆ. ಆಮೇಲೆ ಅಪ್ಪನನ್ನು ಐಸಿಯುಗೆ ಸೇರಿಸಿದಾಗ, "ಟ್ಯೂಬ್ ಹಾಕೋಣ್ವಾ ಬೇಡ್ವಾ, ಹತ್ತು ನಿಮಿಷದಲ್ಲಿ ಹೇಳಿ" ಅಂತ ಡಾಕ್ಟರು ಕೇಳಿದರು. ನನ್ನ ಪ್ರಬಂಧದಲ್ಲಿ ಆ ಹತ್ತು ನಿಮಿಷ ಎಲ್ಲೂ ಇರಲಿಲ್ಲ.

ಸೇರುವುದು ಕಷ್ಟವಲ್ಲ. ಹೆಚ್ಚಿನ ಕಡೆ ಯಾವ ಪದವಿ ಇದ್ದರೂ ನಡೆಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ತತ್ವಶಾಸ್ತ್ರ ವಿಭಾಗ ಇದೆ. 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ರಾಧಾಕೃಷ್ಣನ್ ಅವರು ಕಲಿಸಿದ ಊರು ಅದು. ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಹೋಗಬೇಕು. ಕೆಲಸ ಬಿಡಲು ಆಗದವರಿಗೆ ದೂರ ಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದ ಎಂಎ ಇದೆ. ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು ಈ ನಾಲ್ಕು ದಾರಿಗಳಲ್ಲಿ ಎಲ್ಲಕ್ಕಿಂತ ಕಡಿಮೆ. ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಎಂಎ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳಿಗೆ ಇದು ಫೀಸಿಗಿಂತ ದೊಡ್ಡ ಅನುಕೂಲ.

ಮೆಡಿಕಲ್ ಕಾಲೇಜಿನ ಎಥಿಕ್ಸ್ ಕೇಂದ್ರದಲ್ಲಿ

ಇಲ್ಲಿ ಅರುಣಾ ಪ್ರಕರಣ ಹಾಸಿಗೆಯ ಪಕ್ಕದಿಂದ ಶುರುವಾಗುತ್ತದೆ. ವೆಜಿಟೇಟಿವ್ ಸ್ಥಿತಿ ಅಂದರೇನು, ಮಿದುಳು ಸಾವು ಅಂದರೇನು, ಎರಡೂ ಯಾಕೆ ಒಂದೇ ಅಲ್ಲ? ನೋವು ಗೊತ್ತಾಗುತ್ತಾ? ತಿನ್ನಿಸುವುದು ಚಿಕಿತ್ಸೆನಾ, ಆರೈಕೆನಾ? ಅಷ್ಟು ವರ್ಷ ಮಲಗಿದ್ದರೂ ಅರುಣಾಗೆ ಒಂದೇ ಒಂದು ಬೆಡ್‌ಸೋರ್, ಮಲಗಿ ಮಲಗಿ ಆಗುವ ಹುಣ್ಣು, ಆಗಿರಲಿಲ್ಲ ಅಂತ ಆಸ್ಪತ್ರೆ ಕೋರ್ಟಿಗೆ ಹೇಳಿತ್ತು. ತತ್ವಶಾಸ್ತ್ರದ ಕ್ಲಾಸಿನಲ್ಲಿ ಈ ಮಾತು ಓದಿದಾಗ ನಾವು ಮುಂದಿನ ಪುಟಕ್ಕೆ ಹೋದೆವು. ವಾರ್ಡಿನಲ್ಲಿ ಕೆಲಸ ಮಾಡಿದವರು ಅಲ್ಲೇ ನಿಲ್ಲುತ್ತಾರೆ. ಎರಡೆರಡು ಗಂಟೆಗೆ ಮೈ ಮಗ್ಗುಲು ತಿರುಗಿಸಿ, ಒರೆಸಿ, ಪೌಡರ್ ಹಾಕಿ, ಶಿಫ್ಟ್ ಮುಗಿಸಿ ಹೋಗುವಾಗ ಮುಂದಿನವಳಿಗೆ ಹೇಳಿ ಹೋಗಬೇಕು. ಹೀಗೆ ತಲೆಮಾರುಗಟ್ಟಲೆ ನರ್ಸುಗಳು ಮಾಡಿದರು. ಅರುಣಾ ಪರವಾಗಿ ಮಾತಾಡುವ ಹಕ್ಕು ಯಾರದು ಅನ್ನುವ ಪ್ರಶ್ನೆಗೆ ಇದು ಕೂಡ ಒಂದು ಉತ್ತರ. ಕೋರ್ಟು ಕೂಡ ಆ ಆಸ್ಪತ್ರೆಯ ಸಿಬ್ಬಂದಿಯನ್ನೇ ಅರುಣಾ ಅವರ ಆಪ್ತರು ಅಂತ ಒಪ್ಪಿತು.

ಮಂಗಳೂರಿನ ಯೇನೆಪೋಯ ವಿಶ್ವವಿದ್ಯಾಲಯದಲ್ಲಿ ಎಥಿಕ್ಸ್‌ಗೆಂದೇ ಒಂದು ಕೇಂದ್ರ ಇದೆ. ಬಯೋಎಥಿಕ್ಸ್ ಮತ್ತು ಮೆಡಿಕಲ್ ಎಥಿಕ್ಸ್‌ನ ಪಿಜಿ ಡಿಪ್ಲೊಮಾ ಅಲ್ಲಿ ಸಿಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು, ಬೇರೆಯವರು ಯೋಚಿಸುವ ಎಷ್ಟೋ ದಶಕ ಮೊದಲೇ ಎಂಬಿಬಿಎಸ್ ಮಕ್ಕಳಿಗೆ ನೀತಿಶಾಸ್ತ್ರವನ್ನು ಪಾಠವಾಗಿ ಕಲಿಸಿದ ಕಾಲೇಜು. ಈಗ 2019ರ ಬ್ಯಾಚಿನಿಂದ ದೇಶದ ಎಲ್ಲ ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ಆಟ್‌ಕಾಮ್ ಅನ್ನುವ ಹೆಸರಿನಲ್ಲಿ ನಡವಳಿಕೆ, ನೀತಿ, ಮಾತುಕತೆಯ ಪಾಠ ಇದೆ. ಹಾಗಾಗಿ ಇದನ್ನು ಕಲಿಸಬಲ್ಲವರು ಮೆಡಿಕಲ್ ಕಾಲೇಜುಗಳಿಗೆ ಬೇಕು.

ಈ ದಾರಿಯ ಕೊರತೆ ಅವಸರ. ಅಮೆರಿಕದ ಬ್ಯೂಚಾಂಪ್ ಮತ್ತು ಚಿಲ್ಡ್ರೆಸ್ ಅನ್ನುವ ಚಿಂತಕರು 1979ರಲ್ಲಿ ಮುಂದಿಟ್ಟ ನಾಲ್ಕು ತತ್ವಗಳು ಇಲ್ಲಿ ದಿನನಿತ್ಯದ ಮಾತು: ರೋಗಿಯ ಸ್ವಂತ ನಿರ್ಧಾರ, ಒಳಿತು ಮಾಡು, ಕೆಡುಕು ಮಾಡಬೇಡ, ನ್ಯಾಯ. ಬಹಳ ಉಪಯೋಗದ ಸಲಕರಣೆ, ನಾನೇ ಕಮಿಟಿಯಲ್ಲಿ ಬಳಸುತ್ತೇನೆ. ಆದರೆ ಎರಡು ತತ್ವ ಒಂದಕ್ಕೊಂದು ಡಿಕ್ಕಿ ಹೊಡೆದಾಗ ಯಾವುದು ಮೇಲು, ಯಾಕೆ ಅಂತ ಕೇಳಲು ಈ ಕೋರ್ಸುಗಳಲ್ಲಿ ಸಮಯ ಕಡಿಮೆ. "ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಡಾಕ್ಟ್ರೇ" ಅಂತ ಮಗ ಕಾರಿಡಾರಿನಲ್ಲಿ ಕೈ ಹಿಡಿದುಕೊಳ್ಳುತ್ತಾನಲ್ಲ, ಅದನ್ನೇ ನೋಡಿ. ರೋಗಿಗೆ ತಿಳಿಯುವ ಹಕ್ಕಿದೆ ಅಂತ ಬರೆದು ಮುಗಿಸಬಹುದು. ಆದರೆ ಆ ಅಪ್ಪ ತನ್ನ ಜೀವಮಾನದಲ್ಲಿ ಒಂದು ಎಮ್ಮೆ ಕೊಳ್ಳುವಾಗಲೂ ಮನೆಯವರನ್ನು ಕೇಳದೆ ಕೊಂಡಿಲ್ಲ. ಅವನ "ಸ್ವಂತ" ನಿರ್ಧಾರ ಅಂದರೆ ಏನು? ಈ ಪ್ರಶ್ನೆಗೆ ಡಿಪ್ಲೊಮಾದಲ್ಲಿ ಒಂದು ಮಧ್ಯಾಹ್ನ ಸಿಕ್ಕರೆ ಜಾಸ್ತಿ.

ಕಮಿಟಿಯಲ್ಲಿ ಒಂದು ಬೆಳಿಗ್ಗೆ

ಓದಿದ್ದು ಮುಂದೆ ಎಲ್ಲಿ ಬಳಕೆಗೆ ಬರುತ್ತದೆ ಅಂತ ತೋರಿಸದೆ ಹೋಲಿಕೆ ಮಾಡಿದರೆ ಅರ್ಧ ಆಗುತ್ತದೆ. ಅದಕ್ಕೇ ಈ ಒಂದು ಘಟನೆ.

ಔಷಧಿ ಪ್ರಯೋಗದ ಒಂದು ಒಪ್ಪಿಗೆ ಪತ್ರ ನಮ್ಮ ಕಮಿಟಿಯ ಮುಂದೆ ಬಂದಿತ್ತು. ಕನ್ನಡದ ಪ್ರತಿಯಲ್ಲಿ ಹೀಗೆ ಇತ್ತು: "ತಮ್ಮನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು." ನನ್ನ ಪಕ್ಕ ಕೂತಿದ್ದ ಇನ್ನೊಬ್ಬ ಸದಸ್ಯರು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಅವರು ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿ, "ನನಗೇ ಅರ್ಥ ಆಗ್ತಿಲ್ಲ" ಅಂದರು. ಅರ್ಧ ಗಂಟೆ ಕೂತು ಬದಲಿಸಿದೆವು: "ನಿಮಗೆ ಹೊಸ ಔಷಧಿಯೋ ಹಳೆ ಔಷಧಿಯೋ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ನಿಮ್ಮ ಡಾಕ್ಟರ್ ಆರಿಸುವುದಿಲ್ಲ."

ಎರಡನೇ ವಾಕ್ಯ ಸೇರಿಸಲು ನಾನು ಹಟ ಹಿಡಿದೆ. ಪ್ರಯೋಗಕ್ಕೆ ಸೇರಿದ ರೋಗಿ, ಡಾಕ್ಟರು ತನಗೆ ಒಳ್ಳೆಯದನ್ನೇ ಆರಿಸಿ ಕೊಡುತ್ತಿದ್ದಾರೆ ಅಂತಲೇ ನಂಬಿರುತ್ತಾನೆ. ಆ ನಂಬಿಕೆ ಹಾಗೇ ಇರುವಾಗ ಹಾಕಿದ ಸಹಿ ಒಪ್ಪಿಗೆ ಆಗುತ್ತದಾ? ಇದು ಎಂಎ ಕ್ಲಾಸಿನಿಂದ ನಾನು ಹೊತ್ತು ತಂದ ಪ್ರಶ್ನೆ. ಅರ್ಥ ಆಗುವ ಕನ್ನಡ ಮೇಷ್ಟ್ರದು. ಔಷಧಿಯ ಅಪಾಯದ ಲೆಕ್ಕ ಡಾಕ್ಟರುಗಳದು. ಆ ಮೇಜಿನ ಸುತ್ತ ಮೂವರೂ ಬೇಕಿತ್ತು.

ಕಾನೂನೂ ಹಾಗೇ ಹೇಳುತ್ತದೆ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅದರಲ್ಲಿ ಒಬ್ಬರು ಸಾಮಾನ್ಯ ಜನರಿಂದ ಬಂದವರು, ಒಬ್ಬರು ಕಾನೂನು ಬಲ್ಲವರು, ಕನಿಷ್ಠ ಒಬ್ಬರು ಮಹಿಳೆ. ಸಮಾಜ ವಿಜ್ಞಾನಿ, ಸೇವಾ ಸಂಸ್ಥೆಯವರು, ತತ್ವಶಾಸ್ತ್ರ ಬಲ್ಲವರು, ಧರ್ಮಶಾಸ್ತ್ರ ಬಲ್ಲವರು ಇಂಥವರಲ್ಲಿ ಒಬ್ಬರಿಗೂ ಒಂದು ಕುರ್ಚಿ ಇದೆ. ಅರ್ಧದಷ್ಟು ಸದಸ್ಯರು ಹೊರಗಿನವರಾಗಿರಬೇಕು. ತತ್ವಶಾಸ್ತ್ರ ಓದಿದವರಿಗೆ ಸರ್ಕಾರಿ ನಿಯಮದಲ್ಲೇ ಜಾಗ ಬರೆದಿಟ್ಟಿರುವುದು ಬಹಳ ಜನರಿಗೆ ಗೊತ್ತಿಲ್ಲ. ಆದರೆ ಇದರಿಂದ ಸಂಬಳ ಬರುವುದಿಲ್ಲ, ಮೀಟಿಂಗಿಗೆ ಇಷ್ಟು ಅಂತ ಸ್ವಲ್ಪ ಗೌರವಧನ ಅಷ್ಟೇ. ಹೊಟ್ಟೆಪಾಡಿಗೆ ಬೇರೆ ಕೆಲಸ ಬೇಕು.

ಲಾ ಸ್ಕೂಲಿನಲ್ಲಿ

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ವೈದ್ಯಕೀಯ ಕಾನೂನು ಮತ್ತು ನೀತಿಯ ಪಿಜಿ ಡಿಪ್ಲೊಮಾವನ್ನು ದೂರ ಶಿಕ್ಷಣದಲ್ಲಿ ನಡೆಸಿಕೊಂಡು ಬಂದಿದೆ. ಇಲ್ಲಿ ಅರುಣಾ ಪ್ರಕರಣ ಒಂದು ಸರಣಿಯ ಮೊದಲ ಕೊಂಡಿ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಪ್ರಜ್ಞೆ ಹೋದರೆ ಯಾವ ಚಿಕಿತ್ಸೆ ಬೇಡ ಅಂತ ಮುಂಚೆಯೇ ಬರೆದಿಡುವ ಉಯಿಲಿಗೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ಕೋರ್ಟೇ ಆ ವಿಧಾನವನ್ನು ಸುಲಭ ಮಾಡಿತು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು.

ಆಸ್ಪತ್ರೆಯ ಆಡಳಿತದಲ್ಲಿ ಇರುವವರಿಗೆ, ಡಾಕ್ಟರುಗಳಿಗೆ, ವಕೀಲರಿಗೆ ಇದು ಒಳ್ಳೆಯದು. ಒಂದು ವಿಷಯ ಮಾತ್ರ ನೆನಪಿಡಿ. ಕಾನೂನು ಎಲ್ಲಿಗೆ ಬಂದು ನಿಂತಿದೆ ಅಂತ ತಿಳಿಯುವುದು ಒಂದು, ಅಲ್ಲಿ ನಿಂತದ್ದು ಸರಿಯಾ ಅಂತ ಕೇಳುವುದು ಇನ್ನೊಂದು. 2008ರ ಸಮೀರಾ ಕೊಹ್ಲಿ ತೀರ್ಪು ನೋಡಿ. ತಪಾಸಣೆಗೆ ಮಾತ್ರ ಒಪ್ಪಿದ್ದ ಹೆಂಗಸಿನ ಗರ್ಭಕೋಶ ತೆಗೆದದ್ದು ತಪ್ಪು ಅಂತ ಕೋರ್ಟು ಹೇಳಿತು. ಅದೇ ತೀರ್ಪಿನಲ್ಲಿ, ರೋಗಿಗೆ ಎಷ್ಟು ವಿವರ ಹೇಳಬೇಕು ಅನ್ನುವುದಕ್ಕೆ ಅಮೆರಿಕದ ಅಳತೆ ಬಿಟ್ಟು, ಡಾಕ್ಟರುಗಳ ರೂಢಿಗೆ ಹತ್ತಿರವಾದ ಅಳತೆಯನ್ನು ಆರಿಸಿಕೊಂಡಿತು. ನಮ್ಮ ದೇಶದ ಪರಿಸ್ಥಿತಿ ಬೇರೆ ಅನ್ನುವುದು ಅದಕ್ಕೆ ಕೊಟ್ಟ ಕಾರಣ. ಬಡವರಿಗೆ ಕಡಿಮೆ ಹೇಳಿದರೆ ಸಾಕು ಅಂತ ಇದರ ಅರ್ಥವಾ? ಪರೀಕ್ಷೆಗೆ ಕೋರ್ಟು ಏನು ಹೇಳಿತು ಅನ್ನುವುದು ಸಾಕಾಗುತ್ತದೆ. ಅದು ಸರಿಯಾ ಅನ್ನುವುದು ನಿಮ್ಮನ್ನು ಕಾಡಿದರೆ ನಿಮ್ಮ ಜಾಗ ತತ್ವಶಾಸ್ತ್ರ.

ವಿದೇಶದಲ್ಲಿ

ಈ ವಿಷಯವನ್ನೇ ಪೂರ್ತಿ ಎಂಎ ಮಾಡಿ ಓದಬೇಕು ಅಂದರೆ ಹೊರಗೆ ಆಯ್ಕೆ ಜಾಸ್ತಿ. ಅಮೆರಿಕದಲ್ಲಿ 1969ರಲ್ಲಿ ಹೇಸ್ಟಿಂಗ್ಸ್ ಸೆಂಟರ್, 1971ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೆನಡಿ ಇನ್‌ಸ್ಟಿಟ್ಯೂಟ್ ಶುರುವಾದವು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ತತ್ವಜ್ಞಾನಿ ಪೀಟರ್ ಸಿಂಗರ್ 1980ರಲ್ಲಿ ಕೇಂದ್ರ ತೆರೆದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, ಬೆಲ್ಜಿಯಂನ ಲೂವೆನ್‌ನಲ್ಲಿ ಒಳ್ಳೆಯ ಪರಂಪರೆ ಇದೆ. ಬ್ರಿಟನ್ನಿನದು ಸಾಮಾನ್ಯವಾಗಿ ಒಂದೇ ವರ್ಷದ ಓದು. ಪ್ರಬಂಧ, ಎದುರೆದುರು ಚರ್ಚೆ, ಕೈತುಂಬ ಲೈಬ್ರರಿ.

ಖರ್ಚು ಹತ್ತಾರು ಲಕ್ಷ. ಮನೆ ಅಡವಿಟ್ಟು ಇದಕ್ಕೆ ಹೋಗಬೇಡಿ, ಯಾಕೆಂದರೆ ವಾಪಸ್ ಬಂದ ಮೇಲೆ ಆ ಸಾಲ ತೀರಿಸುವಂಥ ಕೆಲಸ ಈ ಕ್ಷೇತ್ರದಲ್ಲಿ ಸುಲಭವಾಗಿ ಸಿಗುವುದಿಲ್ಲ. ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಹೋಗಿ. ಬ್ರಿಟನ್ ಸರ್ಕಾರದ ಚೀವ್ನಿಂಗ್‌ಗೆ ಎರಡು ವರ್ಷ ಕೆಲಸದ ಅನುಭವ ಬೇಕು, ಓದು ಮುಗಿಸಿ ದೇಶಕ್ಕೆ ಮರಳಬೇಕು. ಯುರೋಪಿನ ಎರಾಸ್ಮಸ್ ಮುಂಡಸ್, ಬ್ರಿಟನ್ನಿನ ಕಾಮನ್‌ವೆಲ್ತ್ ಕೂಡ ನೋಡಿ. ಇನ್ನೊಂದು ಮಾತು. ಅಲ್ಲಿನ ಪಾಠದಲ್ಲಿ ರೋಗಿ ಅಂದರೆ ಒಂಟಿ ವ್ಯಕ್ತಿ. ಬಿಲ್ ಕಟ್ಟಲಾಗದೆ ಡಿಸ್ಚಾರ್ಜ್ ಕೇಳಿ ಬರೆದುಕೊಟ್ಟು ಮನೆಗೆ ಕರೆದೊಯ್ಯುವ ನಮ್ಮ ಸಂಸಾರಗಳು ಆ ಪುಸ್ತಕಗಳಲ್ಲಿ ಕಾಣುವುದು ಕಡಿಮೆ. ಆ ಪ್ರಶ್ನೆಗಳನ್ನು ನೀವೇ ಹೊತ್ತುಕೊಂಡು ಹೋಗಬೇಕು.

ಹಾಗಾದರೆ ಯಾರು ಎಲ್ಲಿಗೆ?

ನನ್ನ ಅಭಿಪ್ರಾಯ ನೇರವಾಗಿದೆ. ನಿಮ್ಮಲ್ಲಿ ಈಗಾಗಲೇ ಇರುವುದನ್ನು ಹೆಚ್ಚಿಸುವ ಕಡೆ ಹೋಗಬೇಡಿ, ಇಲ್ಲದ್ದನ್ನು ಕೊಡುವ ಕಡೆ ಹೋಗಿ. ನರ್ಸು, ಡಾಕ್ಟರು, ಫಾರ್ಮಸಿ ಓದಿದವರು ಇನ್ನೊಂದು ಆಸ್ಪತ್ರೆಯ ಡಿಪ್ಲೊಮಾಗಿಂತ ತತ್ವಶಾಸ್ತ್ರದ ಎಂಎ ಕಡೆ ನೋಡಲಿ. ವಾರ್ಡು ಅವರ ಮೈಯೊಳಗೇ ಇದೆ. ಬಿಎ ಮಾಡಿ ತತ್ವಶಾಸ್ತ್ರ ಓದಿದವರು ಮಂಗಳೂರಿನಂಥ ಕಡೆ ಹೋಗಿ ಆಸ್ಪತ್ರೆ ನೋಡಲಿ. ಪ್ರಯೋಗ, ಸಂಶೋಧನೆ ನಡೆಸುವ ಕಂಪನಿಗಳಲ್ಲಿ ಕೆಲಸ ಬೇಕಾದವರಿಗೆ ಡಿಪ್ಲೊಮಾನೇ ಸಾಕು. ಅಲ್ಲಿ ಕೇಳುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಗೊತ್ತಾ, ನಿಯಮ ಗೊತ್ತಾ ಅಂತ.

ಸೇರುವ ಮುಂಚೆ ಆ ವಿಭಾಗದ ಒಬ್ಬ ಹಳೆ ವಿದ್ಯಾರ್ಥಿಗೆ ಫೋನ್ ಮಾಡಿ. "ನೀವು ಬರೆದ ಪ್ರಬಂಧವನ್ನ ಯಾರಾದ್ರೂ ಪೂರ್ತಿ ಓದಿ ವಾಪಸ್ ಕೊಟ್ರಾ?" ಅಂತ ಕೇಳಿ. ನಾನು ಓದುವಾಗ ಒಂದು ಕಡೆ ಸಲ್ಲಿಸಿದ ಪ್ರಬಂಧ ಅಂಕ ಮಾತ್ರ ಹೊತ್ತು ಬಂತು, ಒಂದು ಗೆರೆಯೂ ಇರಲಿಲ್ಲ. ಇನ್ನೊಬ್ಬ ಮೇಷ್ಟ್ರು ಮಾತ್ರ ಪೆನ್ಸಿಲಿನಲ್ಲಿ ಪ್ರತಿ ಪುಟಕ್ಕೂ ಪ್ರಶ್ನೆ ಬರೆದುಕೊಟ್ಟರು. ನಾನು ಕಲಿತದ್ದೆಲ್ಲ ಆ ಪೆನ್ಸಿಲಿನಿಂದ. ದುಡ್ಡಿಲ್ಲದೆ ರುಚಿ ನೋಡಬೇಕಾದರೆ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್ ಇದೆ. 1993ರಿಂದ ಬರುತ್ತಿದೆ, ಆನ್‌ಲೈನಿನಲ್ಲಿ ಉಚಿತ. ಒಂದು ತಿಂಗಳು ದಿನಕ್ಕೊಂದು ಲೇಖನ ಓದಿ. ಕಾನೂನಿನ ಲೇಖನದಲ್ಲಿ ಕಣ್ಣು ನಿಲ್ಲುತ್ತಾ, ವಾರ್ಡಿನ ಕಥೆಯಲ್ಲಾ, ವಾದದಲ್ಲಾ ಅಂತ ನಿಮಗೇ ಗೊತ್ತಾಗುತ್ತದೆ.

ನಮ್ಮ ಬೀದಿಯ ಹುಡುಗಿ ತತ್ವಶಾಸ್ತ್ರ ಎಂಎಗೆ ಸೇರಿದಳು. ಶನಿವಾರ, ಭಾನುವಾರ ಈಗಲೂ ನೈಟ್ ಡ್ಯೂಟಿ ಮಾಡುತ್ತಾಳೆ. ಮೊದಲ ಸೆಮಿನಾರ್ ಪೇಪರನ್ನು ಕೆಇಎಂ ನರ್ಸುಗಳ ಬಗ್ಗೆ ಬರೆದಳು. ಅವರು ಮಾಡಿದ್ದೇ ಸರಿ ಅಂತ ಗಟ್ಟಿಯಾಗಿ ವಾದಿಸಿದ್ದಳು. ಕಳೆದ ವಾರ ಫೋನ್ ಮಾಡಿ, ಮೇಷ್ಟ್ರು ಕೊನೆಯ ಪುಟದಲ್ಲಿ ಬರೆದದ್ದನ್ನು ಓದಿ ಹೇಳಿದಳು: "ನೋಡಿಕೊಳ್ಳುವುದು, ಬಿಟ್ಟುಕೊಡದೆ ಇರುವುದು, ಎರಡೂ ಒಂದೇನಾ?" ಪೇಪರ್ ಮತ್ತೆ ಬರೆಯಲು ಒಂದು ವಾರ ಟೈಮ್ ಕೇಳಿದ್ದಾಳಂತೆ.